ವರ್ಷಕ್ಕೆ ಎರಡು ಚಾಟ್ನಿ, ಒಂದೇ ಫಸಲು

ಪುಣೆಯ ಅಂಗಡಿಯಲ್ಲಿ ನಾವು ಕೊಳ್ಳುವ ಒಣದ್ರಾಕ್ಷಿ ವಿಜಯಪುರ ಜಿಲ್ಲೆಯದೂ ಆಗಿರಬಹುದು. ತಿಕೋಟಾ ಸುತ್ತಮುತ್ತಲಿನ ಮಾಲು ತಾಸಗಾಂವ, ಸಾಂಗ್ಲಿ ಮಾರುಕಟ್ಟೆಗೆ ಹೋಗುತ್ತದೆ. ಆ ಭಾಗದಲ್ಲೇ ನಮ್ಮ ಮನೆಯ ನಾಲ್ಕು ಎಕರೆ ತೋಟವಿದೆ. ನೋಡಿಕೊಳ್ಳುವವನು ಅಣ್ಣ. ನಾನು ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ಕಂಪನಿಯ ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ತೋಟದ ವರ್ಷವೂ ಹಾಗೆಯೇ.

ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಎಲೆ ಉದುರಿಸಿ ತಿಂಗಳುಗಟ್ಟಲೆ ಮಲಗುತ್ತದೆ. ನಮ್ಮ ಕಡೆ ಅದಕ್ಕೆ ಅಂಥ ನಿದ್ದೆ ಇಲ್ಲ. ಅದಕ್ಕೇ ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಸವರುವಿಕೆ. ಏಪ್ರಿಲ್ ಚಾಟ್ನಿಯಿಂದ ಹಣ್ಣು ಬರುವುದಿಲ್ಲ, ಹೊಸ ಕಡ್ಡಿ ಬರುತ್ತದೆ. ಮುಂದಿನ ಒಂದೆರಡು ತಿಂಗಳಲ್ಲಿ ಆ ಕಡ್ಡಿಯ ಕಣ್ಣಿನೊಳಗೆ ಗೊಂಚಲು ರೂಪುಗೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆಗ ನೀರು, ಗೊಬ್ಬರ, ಬಿಸಿಲು ಹದ ತಪ್ಪಿದರೆ ಗೊತ್ತಾಗುವುದು ಅಕ್ಟೋಬರ್ ನಂತರವೇ.

ಮಳೆಗಾಲದಲ್ಲಿ ಕಡ್ಡಿ ಮಾಗಬೇಕು. ಆಮೇಲೆ ಎರಡನೆಯ ಚಾಟ್ನಿ, ಹಣ್ಣಿನದು. ಅದರ ದಿನ ಗೊತ್ತುಮಾಡುವುದೇ ದೊಡ್ಡ ಜೂಜು. ಬೇಗ ಮಾಡಿದರೆ ಹಿಂಗಾರು ಮಳೆ ಹೂವಿಗೆ ಹೊಡೆದು ಡೌನಿ ರೋಗ ಬರುತ್ತದೆ. ತಡಮಾಡಿದರೆ ಒಣಗಿಸುವ ಹೊತ್ತಿಗೆ ಬೇಸಿಗೆಯ ಅಡ್ಡಮಳೆ. ಸೆಪ್ಟೆಂಬರ್ ಬಂತೆಂದರೆ ಅಣ್ಣನ ಫೋನ್: "ತಮ್ಮಾ, ನಿನ್ನ ಮೊಬೈಲ್ ಏನಂತದ? ಮಳಿ ಅದನೋ ಇಲ್ಲೋ?" ನಾನು ನಾಲ್ಕು ಆ್ಯಪ್ ನೋಡಿ ಹೇಳುತ್ತೇನೆ. ಅವನು ಎಲ್ಲ ಕೇಳಿಸಿಕೊಂಡು, ಕೂಲಿಯವರು ಸಿಗುವ ದಿನ ಚಾಟ್ನಿ ಇಟ್ಟುಕೊಳ್ಳುತ್ತಾನೆ.

ಚಿಗುರು ಬಂದಲ್ಲಿಂದ ಬಿಡುವಿಲ್ಲ. ಔಷಧಿ ಹೊಡೆಯಬೇಕು, ಹೆಚ್ಚಿನ ಗೊಂಚಲು ತೆಗೆಯಬೇಕು. ಡಿಸೆಂಬರ್ ಇಬ್ಬನಿಯಲ್ಲಿ ಬೂದಿರೋಗ ಬಾರದಂತೆ ಕಾಯಬೇಕು. ಸಕ್ಕರೆ ಅಂಶ ಚೆನ್ನಾಗಿ ಏರಿದ ಮೇಲೆ, ಫೆಬ್ರುವರಿ–ಮಾರ್ಚ್‌ನಲ್ಲಿ ಕೊಯ್ಲು.

ಒಣದ್ರಾಕ್ಷಿ ಮಾಡುವವರಿಗೆ ಅಸಲಿ ಪರೀಕ್ಷೆ ಆಮೇಲೆ. ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಣ ಸಡಿಲಾಗಿ ನೀರು ಬೇಗ ಹೊರಬರುತ್ತದೆ. ಶೆಡ್ಡಿನ ಬಲೆಗಳ ಮೇಲೆ, ನೆರಳಲ್ಲಿ, ಸುಮಾರು ಎರಡು ವಾರ ಹರವಿಡುತ್ತಾರೆ. ಹೆಚ್ಚುಕಡಿಮೆ ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಆ ಎರಡು ವಾರದಲ್ಲಿ ಮಳೆ ಬಿದ್ದರೆ, ಹಸಿರು ಬಂಗಾರದಂತಿರಬೇಕಾದ ಮಾಲು ಕಪ್ಪಾಗುತ್ತದೆ, ದರ ಬಿದ್ದುಹೋಗುತ್ತದೆ. ವರ್ಷದ ಸಾಲ ಮಾತ್ರ ಅಷ್ಟೇ ಇರುತ್ತದೆ.

ಹೋದ ಬೇಸಿಗೆ ನಮಗೆ ಆದದ್ದೂ ಅದೇ. ಈಗ ಏತ ನೀರಾವರಿಯಿಂದ ಕೆರೆಗೆ ನೀರು ಬಂದಿದೆ, ಪಕ್ಕದವರು ಕಬ್ಬು ಹಾಕಿದ್ದಾರೆ. ನಮ್ಮ ಬಳ್ಳಿಗೂ ಹದಿನಾಲ್ಕು ವರ್ಷ, ಇಳುವರಿ ಇಳಿಯುತ್ತಿದೆ. "ಕಿತ್ತು ಕಬ್ಬು ಹಚ್ಚಿಬಿಡೋಣೇನು?" ಎಂದು ಅಣ್ಣ ಕೇಳಿದ. ಟ್ಯಾಂಕರ್ ನೀರು ಕೊಂಡು ಈ ಬಳ್ಳಿ ಉಳಿಸಿದ್ದ ಅಪ್ಪ ಅವತ್ತು ಮಾತಾಡಲಿಲ್ಲ, ಊಟವನ್ನೂ ಅರ್ಧಕ್ಕೇ ಬಿಟ್ಟು ಎದ್ದರು.

ಕೊನೆಗೆ ಹಳೆಯ ಎರಡು ಎಕರೆ ತೆಗೆದು, ಅಲ್ಲಿ ಹೊಸ ದ್ರಾಕ್ಷಿಯನ್ನೇ ನೆಡುವುದೆಂದಾಯಿತು. ಅದು ಫಸಲಿಗೆ ಬರುವವರೆಗೆ ಉಳಿದ ಎರಡು ಎಕರೆ ಮನೆ ನಡೆಸಬೇಕು. ಕಡಿಮೆ ಬಿದ್ದದ್ದನ್ನು ನನ್ನ ಸಂಬಳ ತುಂಬಬೇಕು. ಹೆಂಡತಿಯೂ ಒಪ್ಪಿದ್ದಾಳೆ. ಮನೆ ಸಾಲದ ಕಂತಿನ ಪಕ್ಕದಲ್ಲಿ ಈಗ ಇನ್ನೊಂದು ಸಾಲು ಬರೆದುಕೊಂಡಿದ್ದೇವೆ: ತೋಟ.