ಗಾಡಿ ಲೇಟಾದರೆ ದುಡ್ಡು ವಾಪಸ್ಸು: ಕೇಳಿದವರಿಗೆ ಮಾತ್ರ!

ಸಾಗರ: "ಗಾಡಿ ಲೇಟಂತೆ." ಸಾಗರ ಜಂಬಗಾರು ಸ್ಟೇಷನ್ನಿನಲ್ಲಿ ಈ ಎರಡು ಮಾತು ಕಿವಿಗೆ ಬಿದ್ದರೆ ಮಲೆನಾಡಿನ ಪ್ರಯಾಣಿಕ ಮಾಡುವುದು ಇಷ್ಟೇ. ಚೀಲ ಕೆಳಗಿಡುತ್ತಾನೆ, ಕವಳ ಹಾಕುತ್ತಾನೆ, "ಎಂತ ಮಾಡೋದು ಮಾರಾಯ್ರೆ, ಸರ್ಕಾರದ ಗಾಡಿ" ಅಂತ ಬೆಂಚಿಗೆ ಒರಗುತ್ತಾನೆ.

ಅದೇ ಮನುಷ್ಯ, ಅಂಗಡಿಯಲ್ಲಿ ಕೆಜಿ ಸಕ್ಕರೆಗೆ ಐವತ್ತು ಗ್ರಾಂ ಕಮ್ಮಿ ಬಿದ್ದರೆ ತಕ್ಕಡಿ ಮುಂದೆ ಜಗಳಕ್ಕೆ ನಿಲ್ಲುತ್ತಾನೆ. ಮೂರು ಗಂಟೆ ಹೊತ್ತು ಕಮ್ಮಿ ಬಿದ್ದರೆ ಮಾತ್ರ ಬಾಯಿಲ್ಲ!

ಬಾಯಿ ಬಿಡಲು ಕಾನೂನಿನಲ್ಲಿ ಜಾಗ ಉಂಟು. ಒಂದಲ್ಲ, ಎರಡು ಬಾಗಿಲು. ಯಾವ ಬಾಗಿಲನ್ನು ಯಾವಾಗ ತಟ್ಟಬೇಕು ಅನ್ನುವುದೇ ನಮ್ಮವರಿಗೆ ಗೊತ್ತಿಲ್ಲ.

ಮೂರು ತಾಲ್ಲೂಕು, ಒಂದೇ ಹಳಿ

ಸಾಗರಕ್ಕೆ ರೈಲಿದೆ. ಹೊಸನಗರದ ಪೇಟೆಗೆ ಇಲ್ಲ. ತಾಲ್ಲೂಕಿನ ಅಂಚಿನ ಅರಸಾಳಿನಲ್ಲಿ 'ಮಾಲ್ಗುಡಿ'ಯ ಹೆಸರಿನ ನಿಲ್ದಾಣ ಮಾತ್ರ. ತೀರ್ಥಹಳ್ಳಿಗಂತೂ ಹಳಿಯೇ ಇಲ್ಲ. 2022ರಲ್ಲಿ ತಾಳಗುಪ್ಪ–ಮೈಸೂರು ಗಾಡಿಗೆ ಕುವೆಂಪು ಹೆಸರಿಟ್ಟರು. ಆ ಗಾಡಿ ಹತ್ತಬೇಕಾದರೆ ಕುಪ್ಪಳಿಯ ಕಡೆಯವರು ಮೊದಲು ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬರಬೇಕು!

ಮೀಟರ್ ಗೇಜ್ ಹೋಯಿತು, ಬಸ್ಸಿನಂಥ ರೈಲುಬಸ್ಸೂ ಹೋಯಿತು, 2011ರಲ್ಲಿ ಬ್ರಾಡ್‌ಗೇಜ್ ತಾಳಗುಪ್ಪ ಮುಟ್ಟಿತು. ಆದರೆ ಶಿವಮೊಗ್ಗದಿಂದ ಈಚೆಗೆ ಹಳಿ ಒಂಟಿ. ಎದುರು ಗಾಡಿ ಬಂದು ದಾರಿ ಬಿಡುವ ತನಕ ಈ ಗಾಡಿ ಕ್ರಾಸಿಂಗಿನಲ್ಲಿ ಕಾಯಬೇಕು. ಒಂದು ಲೇಟಾದರೆ ಇನ್ನೊಂದನ್ನೂ ಎಳೆದುಕೊಂಡೇ ಲೇಟಾಗುತ್ತದೆ.

ಮೊದಲ ಬಾಗಿಲು: ಟಿಕೆಟ್ ಹಣ

2015ರ ನವೆಂಬರ್ 12ರಿಂದ ಜಾರಿಯಲ್ಲಿರುವ ರೈಲ್ವೆ ಟಿಕೆಟ್ ರದ್ದು ಮತ್ತು ಹಣ ವಾಪಸಾತಿ ನಿಯಮ ಹೇಳುವುದು ಇದು: ನೀವು ಹತ್ತುವ ನಿಲ್ದಾಣದಿಂದ ಗಾಡಿ ಹೊರಡುವುದು ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಬೇಡವೆಂದರೆ ಮುಂಗಡ ಟಿಕೆಟ್ಟಿನ ಪೂರ್ತಿ ಹಣ ವಾಪಸ್. ರದ್ದು ಶುಲ್ಕದ ಮುರಿತ ಇಲ್ಲ. ಖಾತ್ರಿ ಟಿಕೆಟ್, ಆರ್‌ಎಸಿ, ವೇಟಿಂಗ್ ಲಿಸ್ಟ್ ಮೂರಕ್ಕೂ ಇದೇ ಮಾತು. ತತ್ಕಾಲ್ ಟಿಕೆಟ್ಟಿಗೂ ಉಂಟು. ಆದರೆ ಟಿಕೆಟ್ ಯಾವ ಊರಿಂದ ತೆಗೆದಿದೆಯೋ ಆ ಊರಿನಲ್ಲೇ ಗಾಡಿ ಅಷ್ಟು ತಡವಾಗಿರಬೇಕು.

ಗುಟ್ಟು ಇರುವುದು ಇಲ್ಲಿ. ಗಾಡಿ ನಿಜವಾಗಿ ಹೊರಡುವ ಮೊದಲೇ ಕೇಳಬೇಕು. ಕೌಂಟರಿನಲ್ಲಿ ತೆಗೆದ ಟಿಕೆಟ್ಟಾದರೆ ಕೌಂಟರಿಗೇ ಒಪ್ಪಿಸಬೇಕು. ಮೊಬೈಲಿನಲ್ಲಿ ತೆಗೆದದ್ದಾದರೆ ಐಆರ್‌ಸಿಟಿಸಿಯಲ್ಲಿ 'ಟಿಡಿಆರ್' ಎಂಬ ಅರ್ಜಿ ಹಾಕಬೇಕು. ಗಾಡಿ ಕೂಗಿ ಹೋದ ಮೇಲೆ ಕೂಗಿದರೆ ಕೇಳುವವರಿಲ್ಲ.

ಇನ್ನೊಂದು ಮಾತು. ಎರಡೂ ಮುಕ್ಕಾಲು ಗಂಟೆ ತಡವೆಂದರೆ ಈ ನಿಯಮ ನಡೆಯದು. ಗಾಡಿ ಸಾಗರ ಬಿಟ್ಟದ್ದು ಸರಿಯಾದ ಹೊತ್ತಿಗೇ, ದಾರಿಯಲ್ಲಿ ನಾಲ್ಕು ಗಂಟೆ ನಿಂತಿತು ಎಂದರೂ ನಡೆಯದು. ಹತ್ತಿ ಕೂತವನಿಗೆ ಈ ಬಾಗಿಲು ಮುಚ್ಚಿದಂತೆಯೇ. ತೀರ್ಥಹಳ್ಳಿಯವನು ಶಿವಮೊಗ್ಗದ ತನಕ ಕೊಟ್ಟ ಬಸ್ ಚಾರ್ಜೂ ಇಲ್ಲಿ ಸಿಗುವುದಿಲ್ಲ. ಸಿಗುವುದು ಟಿಕೆಟ್ ಹಣ ಮಾತ್ರ.

ಎರಡನೇ ಬಾಗಿಲು: ಆದ ನಷ್ಟ

ಹಾಗಾದರೆ ಗಾಡಿಯಲ್ಲಿ ಕೂತು ಕೆಟ್ಟವನ ಗತಿ? ಹೀಗೆ ಎಣಿಸಿ. ಹೊಸನಗರದ ಕಡೆಯ ಒಬ್ಬ ಯಜಮಾನರು ಬೆಂಗಳೂರಿನ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಡಾಕ್ಟರನ್ನು ಕಾಣಬೇಕು. ತಿಂಗಳ ಮುಂಚೆ ಸಿಕ್ಕ ದಿನ. ರಾತ್ರಿ ಗಾಡಿ ಬೆಂಗಳೂರು ಮುಟ್ಟುವಾಗ ಹೊತ್ತು ಮೀರಿದೆ. ಲಾಡ್ಜಿನ ಬಾಡಿಗೆ, ಊಟ, ಜತೆಗೆ ಬಂದ ಮಗನ ಎರಡು ದಿನದ ಕೆಲಸ, ಮತ್ತೆ ಒಂದು ತಿಂಗಳ ಕಾಯುವಿಕೆ. ಇದಕ್ಕೆಲ್ಲ ಯಾರು ಜವಾಬ್ದಾರಿ?

ರೈಲ್ವೆಯ ಹಳೆಯ ಉತ್ತರ ಒಂದೇ: ವೇಳಾಪಟ್ಟಿ ಎಂದರೆ ಗ್ಯಾರಂಟಿ ಅಲ್ಲ, ತಡಕ್ಕೆ ನಾವು ಹೊಣೆಯಲ್ಲ ಅಂತ ನಮ್ಮ ನಿಯಮದಲ್ಲೇ ಬರೆದಿದೆ.

ಈ ಉತ್ತರ 2021ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಪ್ರಕರಣ ರಾಜಸ್ಥಾನದ್ದು. 2016ರ ಜೂನ್ 11ರಂದು ಅಜ್ಮೀರ್–ಜಮ್ಮು ಎಕ್ಸ್‌ಪ್ರೆಸ್ ಬೆಳಿಗ್ಗೆ 8-10ಕ್ಕೆ ಜಮ್ಮು ಮುಟ್ಟಬೇಕಿತ್ತು. ಮುಟ್ಟಿದ್ದು ಮಧ್ಯಾಹ್ನ 12ಕ್ಕೆ. ಅದೇ 12ಕ್ಕೆ ಒಬ್ಬ ಪ್ರಯಾಣಿಕರಿಗೆ ಶ್ರೀನಗರದ ವಿಮಾನ. ವಿಮಾನ ತಪ್ಪಿತು, ಟ್ಯಾಕ್ಸಿಗೆ 15 ಸಾವಿರ ತೆತ್ತರು, ಮುಂಗಡ ಕಟ್ಟಿದ್ದ 10 ಸಾವಿರವೂ ಹೋಯಿತು. ಅಳ್ವಾರದ ಜಿಲ್ಲಾ ಗ್ರಾಹಕರ ವೇದಿಕೆ ಆ 25 ಸಾವಿರವನ್ನೂ, ಮನೋವೇದನೆಗೆ 5 ಸಾವಿರ, ಖಟ್ಲೆ ಖರ್ಚಿಗೆ 5 ಸಾವಿರವನ್ನೂ ಕೊಡಿಸಿತು. ರೈಲ್ವೆ ಮೇಲೆ ಮೇಲೆ ಅಪೀಲು ಹೋಯಿತು. ನ್ಯಾಯಮೂರ್ತಿಗಳಾದ ಎಂ.ಆರ್. ಷಾ ಮತ್ತು ಅನಿರುದ್ಧ ಬೋಸ್ ಅವರ ಪೀಠ ಪ್ರಯಾಣಿಕರ ಪರವಾಗಿಯೇ ಆಖೈರು ಮಾಡಿತು.

ತಡಕ್ಕೆ ಕಾರಣ ಏನು, ಅದು ತನ್ನ ಕೈ ಮೀರಿದ್ದು ಹೇಗೆ ಎಂದು ರೈಲ್ವೆಯೇ ರುಜುವಾತು ಮಾಡಬೇಕು, ಮಾಡದಿದ್ದರೆ ಪರಿಹಾರ ಕೊಡಬೇಕು. ತೀರ್ಪಿನ ತಿರುಳು ಇದು. ಅಂದರೆ ಮಳೆಗಾಲದಲ್ಲಿ ಹಳಿ ಮೇಲೆ ಮರ ಬಿತ್ತು, ಗುಡ್ಡ ಜರಿಯಿತು ಎಂದು ತೋರಿಸಿದರೆ ರೈಲ್ವೆ ಪಾರು. ಸುಮ್ಮನೆ "ಲೇಟಾಯಿತು" ಅಂದರೆ ಪಾರಿಲ್ಲ.

ಹೋಗುವುದೆಲ್ಲಿಗೆ?

ಮೈಸೂರು ವಿಭಾಗದ ಕಚೇರಿಗೂ ಅಲ್ಲ, ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕಚೇರಿಗೂ ಅಲ್ಲ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರಕ್ಕೂ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ. ಟಿಕೆಟ್ಟಿನಂಥ ಸಣ್ಣ ಮೊಬಲಗಿಗೆ ದೂರಿನ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಎಂದೂ ಇಲ್ಲ. ಗಡುವು ಎರಡು ವರ್ಷ. ಈಗ 'ಇ-ಜಾಗೃತಿ' ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು.

ಆದರೆ ಬರಿಗೈಯಲ್ಲಿ ಹೋಗಬಾರದು. ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಚೀಟಿ ಇಲ್ಲದ ಬಾಕಿ ಬಾಕಿಯಲ್ಲ. ಟಿಕೆಟ್ ಇಟ್ಟುಕೊಳ್ಳಿ. ಗಾಡಿ ಎಷ್ಟು ತಡ ಎಂದು ತೋರಿಸುವ ಮೊಬೈಲಿನ ಚಿತ್ರ ತೆಗೆದಿಡಿ. ಅಂದೇ 139ಕ್ಕೆ ದೂರು ಹೇಳಿ ಅದರ ನಂಬರು ಬರೆದಿಡಿ. ಲಾಡ್ಜು, ಟ್ಯಾಕ್ಸಿ, ತಪ್ಪಿದ ಕೆಲಸದ ಕಾಗದ ಎಲ್ಲ ಜೋಪಾನ ಮಾಡಿ. ದೂರಿಗೆ ಮುಂಚೆ ರೈಲ್ವೆಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸು ಹಾಕಿದ್ದರೆ ಕೈ ಗಟ್ಟಿ.

ಲೆಕ್ಕ ಹಾಕಿದರೆ?

ಇಷ್ಟೆಲ್ಲ ಓದಿ "ಬಿಡಿ ಮಾರಾಯ್ರೆ, ಇನ್ನೂರು ರೂಪಾಯಿ ಟಿಕೆಟ್ಟಿಗೆ ಯಾರು ಅಲೆಯೋದು" ಎನ್ನುವವರು ಉಂಟು. ಅದೂ ಸುಳ್ಳಲ್ಲ. ಜಮ್ಮುವಿನ ಆ ಪ್ರಯಾಣಿಕರಿಗೆ ಕೊನೆಯ ಮಾತು ಸಿಗಲು ಐದು ವರ್ಷ ಹಿಡಿಯಿತು. ಒಂದು ದಿನ ಅಂಗಡಿ ಬಾಗಿಲು ಹಾಕಿ ಶಿವಮೊಗ್ಗಕ್ಕೆ ಹೋಗಿ ಬಂದರೆ ವ್ಯಾಪಾರದ ನಷ್ಟವೇ ಟಿಕೆಟ್ಟಿಗಿಂತ ಹೆಚ್ಚು.

ಯುರೋಪಿನ ದೇಶಗಳಲ್ಲಿ ಗಾಡಿ ಒಂದು ಗಂಟೆ ತಡವಾದರೆ ಟಿಕೆಟ್ಟಿನ ಕಾಲು ಭಾಗ, ಎರಡು ಗಂಟೆ ಆದರೆ ಅರ್ಧ ಭಾಗ ಕೊಡಬೇಕೆಂದು ನಿಯಮವೇ ಉಂಟು. ನಮ್ಮಲ್ಲೂ 2019ರಲ್ಲಿ ಲಖನೌ–ದಿಲ್ಲಿ ತೇಜಸ್ ಗಾಡಿಯಲ್ಲಿ ಗಂಟೆ ಮೀರಿದರೆ 100, ಎರಡು ಗಂಟೆ ಮೀರಿದರೆ 250 ರೂಪಾಯಿ ಕೊಡುವ ಪದ್ಧತಿ ಶುರುವಾಯಿತು. 2024ರಲ್ಲಿ ನಿಂತೂ ಹೋಯಿತು. ತಾಳಗುಪ್ಪದ ಗಾಡಿಗೆ ಅದು ಬರಲೇ ಇಲ್ಲ.

ಹಾಗಾಗಿ ಸಣ್ಣ ನಷ್ಟಕ್ಕೆ ಮೊದಲ ಬಾಗಿಲು ಸಾಕು, ಅದನ್ನಂತೂ ಬಿಡಬೇಡಿ. ಆಸ್ಪತ್ರೆ, ಪರೀಕ್ಷೆ, ಇಂಟರ್‌ವ್ಯೂ ತಪ್ಪಿದಂಥ ದೊಡ್ಡ ಪೆಟ್ಟು ಬಿದ್ದರೆ ಎರಡನೆಯದನ್ನು ತಟ್ಟಿ. ಹೊತ್ತು ತಪ್ಪಿ ಬಂದ ಗಾಡಿ ಯಾಕೆ ತಪ್ಪಿತೆಂದು ಹೇಳುವ ಕೆಲಸ ಈಗ ರೈಲ್ವೆಯದ್ದು. ಯಾಕೆ ಎಂದು ಕೇಳುವ ಕೆಲಸ ಮಾತ್ರ ಬೆಂಚಿಗೆ ಒರಗಿ ಕವಳ ಹಾಕುತ್ತಿರುವ ನಮ್ಮವರದ್ದೇ.