ಅಜ್ಜನ ಹೊಲ ನಕ್ಷೆಯಲ್ಲಿ ಎಲ್ಲಿದೆ?

ಬೆಂಗಳೂರಿನ ವಿಜಯನಗರಕ್ಕೆ ಸೇರಿದ ಆರ್‌ಪಿಸಿ ಲೇಔಟಿನಿಂದ ಮೆಟ್ರೊ ಹತ್ತಲು ಹೊರಟರೆ ನಿಮಗೆ ಎರಡು ಹಳ್ಳಿಗಳ ಹೆಸರು ಎದುರಾಗುತ್ತವೆ: ಅತ್ತಿಗುಪ್ಪೆ ಮತ್ತು ಹೊಸಹಳ್ಳಿ. ಅಲ್ಲಿ ಈಗ ಹೊಲವೂ ಇಲ್ಲ, ಕಣವೂ ಇಲ್ಲ. ಆದರೆ ಕಂದಾಯ ದಾಖಲೆಗಳಲ್ಲಿ ಇಂಥ ಹಳ್ಳಿಗಳು ಇನ್ನೂ ಉಳಿದಿವೆ. ಬಸವೇಶ್ವರನಗರದೊಳಗೆ ಸಾಣೇಗುರುವನಹಳ್ಳಿ, ರಾಜಾಜಿನಗರದೊಳಗೆ ಕೇತಮಾರನಹಳ್ಳಿ ಇರುವುದೂ ಹೀಗೆಯೇ. ಇಂಥ ಬಡಾವಣೆಯ ಮನೆಯೊಂದರ ಹಳೆಯ ಪತ್ರಗಳನ್ನು ಬಿಚ್ಚಿ ನೋಡಿದರೆ ಹಿಂದಿನ ಗ್ರಾಮದ ಹೆಸರು ಮತ್ತು ಸರ್ವೆ ನಂಬರು ಸಾಮಾನ್ಯವಾಗಿ ಸಿಗುತ್ತವೆ.

ಕುಟುಂಬದ ಇತಿಹಾಸ ಹುಡುಕುವವರಿಗೆ ಈ ಸರ್ವೆ ನಂಬರು ಏಕೆ ಮುಖ್ಯ? ಕಾರಣ ನಮ್ಮ ಹೆಸರಿಡುವ ಪದ್ಧತಿಯಲ್ಲಿದೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಅನೇಕ ಮನೆಗಳಲ್ಲಿದೆ. ಕಂದಾಯ ಪತ್ರಗಳಲ್ಲಿ ಮಗನೆನ್ನಲು 'ಬಿನ್' ಎಂದೂ ಹೆಂಡತಿಯೆನ್ನಲು 'ಕೋಂ' ಎಂದೂ ಬರೆಯುತ್ತಾರೆ. ಈಗ 'ತಿಮ್ಮಯ್ಯ ಬಿನ್ ಮುನಿಯಪ್ಪ' ಎಂಬ ಹೆಸರನ್ನು ಊಹಿಸಿಕೊಳ್ಳಿ. ಅವನ ಮಗ 'ಮುನಿಯಪ್ಪ ಬಿನ್ ತಿಮ್ಮಯ್ಯ'. ಮೊಮ್ಮಗ ಮತ್ತೆ 'ತಿಮ್ಮಯ್ಯ ಬಿನ್ ಮುನಿಯಪ್ಪ'! ಇಬ್ಬರ ನಡುವೆ ಐವತ್ತು ವರ್ಷಗಳ ಅಂತರವಿದ್ದರೂ ಕಾಗದದ ಮೇಲೆ ಅಕ್ಷರವೂ ಬದಲಾಗುವುದಿಲ್ಲ. ಅದೇ ಊರಿನಲ್ಲಿ ಸಂಬಂಧವೇ ಇಲ್ಲದ ಇನ್ನೊಬ್ಬ ತಿಮ್ಮಯ್ಯನೂ ಇರಬಹುದು. ಹೆಸರನ್ನಷ್ಟೇ ನಂಬಿದವರು ಬೇರೆ ಮನೆಯ ಹಿರಿಯರನ್ನು ತಮ್ಮ ವಂಶವೃಕ್ಷಕ್ಕೆ ಸೇರಿಸಿಕೊಳ್ಳುವುದು ಅಪರೂಪವಲ್ಲ. ಹೆಸರು ಮರುಕಳಿಸುತ್ತದೆ, ಆದರೆ ನೆಲ ಜಾಗ ಬಿಟ್ಟು ಕದಲುವುದಿಲ್ಲ. ಆದ್ದರಿಂದ ವ್ಯಕ್ತಿಯನ್ನು ಗುರುತಿಸಲು ಅವನ ಹೊಲವನ್ನು ಹುಡುಕಬೇಕು.

ಮೈಸೂರು ಸಂಸ್ಥಾನದಲ್ಲಿ ಕಂದಾಯ ಮೋಜಣಿ 1863ರಲ್ಲಿ ಆರಂಭವಾಯಿತು. ಪ್ರತಿ ಗ್ರಾಮದ ಜಮೀನನ್ನು ಅಳೆದು ನಂಬರು ಕೊಟ್ಟು ಗ್ರಾಮ ನಕ್ಷೆ ತಯಾರಿಸಲಾಯಿತು. ಇದರ ಪ್ರಮಾಣ ಸಾಮಾನ್ಯವಾಗಿ 1:7,920. ಅಂದರೆ ನಕ್ಷೆಯ ಒಂದು ಅಂಗುಲ ನೆಲದ ಮೇಲೆ 660 ಅಡಿ. ಒಂದು ಗುಂಟೆ ಎಂದರೆ 33 ಅಡಿ ಬದಿಯ ಚೌಕ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ. ನೀವೇ ಲೆಕ್ಕ ಹಾಕಿ: ಈ ನಕ್ಷೆಯಲ್ಲಿ ಒಂದೆಕರೆ ಚೌಕದ ಬದಿ ಸುಮಾರು 8 ಮಿಲಿಮೀಟರ್. ಇಂದಿನ 30×40 ಅಡಿ ನಿವೇಶನ ಒಂದು ಗುಂಟೆಗಿಂತ ತುಸು ಹೆಚ್ಚು. ನಕ್ಷೆಯಲ್ಲಿ ಅದು ಒಂದೂವರೆ ಮಿಲಿಮೀಟರಿನ ಚುಕ್ಕೆ. ಆದ್ದರಿಂದ ಗ್ರಾಮ ನಕ್ಷೆ ಹೊಲವನ್ನು ತೋರಿಸಬಲ್ಲದು, ಮನೆಯನ್ನಲ್ಲ.

ಇದರ ಜೊತೆಗೆ ಒಂದೊಂದು ಸರ್ವೆ ನಂಬರಿಗೂ ಟಿಪ್ಪಣಿ ಎಂಬ ಅಳತೆಯ ಕಚ್ಚಾ ನಕ್ಷೆ ಇರುತ್ತದೆ. ವಿಸ್ತೀರ್ಣ, ಖರಾಬು, ಕಂದಾಯದ ವಿವರ ಆಕಾರಬಂದ್‌ನಲ್ಲಿರುತ್ತವೆ. ಅಣ್ಣತಮ್ಮಂದಿರು ಪಾಲಾದಾಗ ಪೋಡಿ ನಡೆದು 45 ಎಂಬ ನಂಬರು 45/1, 45/2 ಎಂದು ಒಡೆಯುತ್ತದೆ. ಈ ಹಿಸ್ಸಾಗಳ ಜಾಡು ಹಿಡಿದರೆ ಮನೆತನ ಎಂದು, ಎಷ್ಟು ಕವಲಾಯಿತು ಎಂಬುದು ತಿಳಿಯುತ್ತದೆ. ಎಲ್ಲ ಹಿಸ್ಸಾಗಳೂ ಪಾಲಿನಿಂದಲೇ ಆದವಲ್ಲ. ಮಾರಾಟದಿಂದಲೂ ಜಮೀನು ಒಡೆಯುತ್ತದೆ. ಹಾಗಾಗಿ ಮ್ಯುಟೇಶನ್ ದಾಖಲೆಯಲ್ಲಿ ಕಾರಣ ನೋಡದೆ ತೀರ್ಮಾನಕ್ಕೆ ಬರಬೇಡಿ.

ಸರ್ವೆ ನಂಬರೇ ಇಲ್ಲದ ಹಳೆಯ ಕ್ರಯಪತ್ರ ಸಿಕ್ಕಿದರೆ? ಅದರಲ್ಲಿ ಚೆಕ್ಕುಬಂದಿ ಇದ್ದೇ ಇರುತ್ತದೆ: ಪೂರ್ವಕ್ಕೆ ಕೆರೆ ಏರಿ, ಪಶ್ಚಿಮಕ್ಕೆ ಇಂಥವರ ಹೊಲ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಬಂಡಿದಾರಿ ಎಂಬ ರೀತಿ. ಇದು ಮಾತಿನಲ್ಲಿ ಬರೆದ ನಕ್ಷೆ. ಕೆರೆ, ಹಳ್ಳ, ಬಂಡಿದಾರಿ ಮೂರೂ ಗ್ರಾಮ ನಕ್ಷೆಯಲ್ಲಿ ಗುರುತಾಗಿರುತ್ತವೆ. ಮೂರನ್ನೂ ಒಟ್ಟಿಗೆ ಮುಟ್ಟುವ ಹೊಲಗಳು ಊರಿನಲ್ಲಿ ಒಂದೋ ಎರಡೋ ಇರುತ್ತವೆ, ಅಷ್ಟೆ. ಪಕ್ಕದ ಹೊಲದವನ ಹೆಸರು ಅಲ್ಲಿ ಸಿಕ್ಕಿದರೆ ಗುರುತು ಖಚಿತವಾಗುತ್ತದೆ. ಪಕ್ಕದ ಹೊಲ ಹಲವು ಬಾರಿ ದಾಯಾದಿಗಳದ್ದೇ ಆಗಿರುತ್ತದೆ ಎಂಬುದನ್ನು ನೆನಪಿಡಿ. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಅತ್ಯಂತ ಸ್ವಾರಸ್ಯದ ಹಂತ ಇದೇ.

ಊರಿನ ಸುತ್ತಲ ಚಿತ್ರ ಬೇಕಾದರೆ ಸರ್ವೆ ಆಫ್ ಇಂಡಿಯಾದ ಸ್ಥಳಾಕೃತಿ ನಕ್ಷೆಗಳಿಗೆ ಹೋಗಬೇಕು. ಹಳೆಯವು ಮೈಲಿಗೆ ಒಂದು ಅಂಗುಲ, ಅಂದರೆ 1:63,360. ನಂತರದವು 1:50,000. ಇವುಗಳ ಸಂಖ್ಯಾಕ್ರಮ ತಿಳಿದರೆ ಯಾವ ಊರಿನ ಹಾಳೆಯನ್ನೂ ನೀವೇ ಕಂಡುಹಿಡಿಯಬಹುದು. 57ನೇ ಹಾಳೆ 12ರಿಂದ 16 ಡಿಗ್ರಿ ಉತ್ತರ ಅಕ್ಷಾಂಶ, 76ರಿಂದ 80 ಡಿಗ್ರಿ ಪೂರ್ವ ರೇಖಾಂಶದ ಚೌಕ. ಅದನ್ನು ಒಂದೊಂದು ಡಿಗ್ರಿಯ 16 ಭಾಗ ಮಾಡಿ ಎ ಇಂದ ಪಿ ವರೆಗೆ ಅಕ್ಷರ ಕೊಡುತ್ತಾರೆ. ಎಣಿಕೆ ವಾಯವ್ಯ ಮೂಲೆಯಿಂದ ಮೇಲಿನಿಂದ ಕೆಳಕ್ಕೆ, ಕಂಬಸಾಲಾಗಿ. ಪ್ರತಿ ಅಕ್ಷರದ ಚೌಕವನ್ನು ಮತ್ತೆ 15 ಮಿನಿಟಿನ 16 ಭಾಗ ಮಾಡಿ ಅದೇ ಕ್ರಮದಲ್ಲಿ ಅಂಕೆ ಕೊಡುತ್ತಾರೆ. ಆರ್‌ಪಿಸಿ ಲೇಔಟ್ ಇರುವ ಜಾಗ 57 ಎಚ್/9ರಲ್ಲಿ ಬರುತ್ತದೆ. 13 ಡಿಗ್ರಿಗಿಂತ ಉತ್ತರಕ್ಕಿರುವ ಯಶವಂತಪುರ 57 ಜಿ/12ರಲ್ಲಿ. 77 ಡಿಗ್ರಿ 30 ಮಿನಿಟಿನ ಪಶ್ಚಿಮಕ್ಕಿರುವ ಕೆಂಗೇರಿ 57 ಎಚ್/5ರಲ್ಲಿ. ಒಂದೇ ನಗರದ ಪಶ್ಚಿಮ ಭಾಗಕ್ಕೆ ಮೂರು ಹಾಳೆ!

ನಕ್ಷೆ ಕೈಗೆ ಬಂದ ಕೂಡಲೇ ಮುದ್ರಣದ ವರ್ಷ ನೋಡಿ ಸುಮ್ಮನಾಗಬೇಡಿ. ಮೋಜಣಿಯ ವರ್ಷ ಬೇರೆಯೇ ಇರುತ್ತದೆ. ಅಂಚಿನ ಬರಹ ಹರಿದುಹೋಗಿದ್ದರೆ ಒಳಗಿನ ಸಾಕ್ಷ್ಯ ಹುಡುಕಬೇಕು. ಬೆಂಗಳೂರು-ಮೈಸೂರು ರೈಲುಮಾರ್ಗ ಪೂರ್ಣವಾದದ್ದು 1882ರಲ್ಲಿ. ಕೆಂಗೇರಿಯ ಬಳಿ ರೈಲುಗೆರೆ ಕಾಣದ ನಕ್ಷೆಯ ಮೋಜಣಿ ಅದಕ್ಕಿಂತ ಹಿಂದಿನದು. ಇದೇ ರೀತಿ ಕನ್ನಂಬಾಡಿ ಗ್ರಾಮ ತನ್ನ ಹಳೆಯ ಜಾಗದಲ್ಲೇ ಕಾಣುವ ನಕ್ಷೆ ಕೃಷ್ಣರಾಜಸಾಗರ ತುಂಬುವ ಮೊದಲಿನ ಸ್ಥಿತಿಯನ್ನು ತೋರಿಸುತ್ತದೆ. ಅಣೆಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು. ಮುಳುಗಡೆಯಾದ ಊರಿನಿಂದ ಬಂದ ಮನೆತನಗಳಿಗೆ ಇಂಥ ಹಾಳೆಯೇ ಊರಿನ ಏಕೈಕ ಚಿತ್ರವಾಗಿರಬಹುದು. ಬರ, ಪ್ಲೇಗಿನಂಥ ಕಾರಣಗಳಿಂದ ಜನ ಬಿಟ್ಟುಹೋದ ಬೇಚರಾಕ್ ಗ್ರಾಮಗಳೂ ಇವೆ. ಜನಗಣತಿಯಲ್ಲಿ ಜನಸಂಖ್ಯೆ ಸೊನ್ನೆ, ಆದರೆ ಗ್ರಾಮ ನಕ್ಷೆ ಇದೆ. ಮನೆದೇವರ ಗುಡಿ ಮಾತ್ರ ನೆನಪಿದ್ದು ಊರಿನ ಹೆಸರು ಮರೆತವರು ಈ ಪಟ್ಟಿಯನ್ನೂ ನೋಡಬೇಕು.

ಹಳೆಯ ನಕ್ಷೆಯನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವಾಗ ಒಂದು ತೊಡಕಿದೆ. ಹಳೆಯ ನಕ್ಷೆಗಳು ಎವರೆಸ್ಟ್ ಗೋಳಾಭವನ್ನು ಆಧರಿಸಿವೆ. ಜಿಪಿಎಸ್ ಬಳಸುವುದು ಡಬ್ಲ್ಯುಜಿಎಸ್-84. ಭೂಮಿಯ ಆಕಾರದ ಈ ಎರಡು ಲೆಕ್ಕಗಳ ನಡುವೆ ಬೆಂಗಳೂರಿನ ಬಳಿ 200 ಮೀಟರಿನ ಆಸುಪಾಸು ವ್ಯತ್ಯಾಸ ಬರುತ್ತದೆ. ಅಕ್ಷಾಂಶ-ರೇಖಾಂಶವನ್ನು ನೇರವಾಗಿ ಎತ್ತಿ ಬಳಸಿದರೆ ನೀವು ಎರಡು ಬೀದಿ ಆಚೆ ನಿಂತಿರುತ್ತೀರಿ. ಆದ್ದರಿಂದ ಎರಡೂ ಕಡೆ ಕಾಣುವ ದೇವಸ್ಥಾನ, ರಸ್ತೆ ಕೂಡುವ ಸ್ಥಳ, ಕೆರೆ ಕೋಡಿ, ರೈಲ್ವೆ ಸೇತುವೆಯಂಥ ನಾಲ್ಕಾರು ಬಿಂದುಗಳನ್ನು ಹೊಂದಿಸಿ ನಕ್ಷೆ ಕೂರಿಸಬೇಕು. ಕಾಗದ ಕುಗ್ಗಿರುವುದರಿಂದ ಅಳತೆಪಟ್ಟಿಯನ್ನೂ ಪರೀಕ್ಷಿಸಿ.

ನಕ್ಷೆ ಎಲ್ಲರ ಇತಿಹಾಸವನ್ನೂ ಹೇಳುವುದಿಲ್ಲ. ಜಮೀನಿಲ್ಲದ ಕೂಲಿಯವರು ಅದರಲ್ಲಿಲ್ಲ. ಹೆಂಗಸರ ಹೆಸರು ದಾಖಲೆಗೆ ಬರುವುದು ಬಹುಪಾಲು ಗಂಡ ತೀರಿಕೊಂಡ ಮೇಲೆ. ಒಂದು ಸಣ್ಣ ಕಿಂಡಿ ಮಾತ್ರ ಇದೆ: ತೋಟಿ, ತಳವಾರ, ನೀರಗಂಟಿಗಳಿಗೆ ಸೇವೆಗಾಗಿ ಬಿಟ್ಟ ಇನಾಮು ಜಮೀನು. ಈ ಗ್ರಾಮಸೇವೆಗಳನ್ನು ರದ್ದುಪಡಿಸುವ ಕಾಯಿದೆ ಬಂದದ್ದು 1961ರಲ್ಲಿ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಹೊಲದ ಜೊತೆ ಮನೆತನದ ಕಸುಬೂ ಬರೆದಿರುತ್ತದೆ.

ಕರ್ನಾಟಕದ ಗ್ರಾಮ ನಕ್ಷೆಗಳು ಈಗ ಕಂದಾಯ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಿಂತ ಜಾಗದ ಸರ್ವೆ ನಂಬರನ್ನು 'ದಿಶಾಂಕ್' ಆ್ಯಪ್ ಮೊಬೈಲಿನಲ್ಲಿ ತೋರಿಸುತ್ತದೆ. ಟಿಪ್ಪಣಿಯ ನಕಲಿಗೆ ಭೂಮಾಪನ ಇಲಾಖೆಗೆ ಅರ್ಜಿ ಕೊಡಬೇಕು. ಶಿಕ್ಷಕರು ತಮ್ಮ ಶಾಲೆ ಇರುವ ಜಾಗದಿಂದಲೇ ಆರಂಭಿಸಬಹುದು. ನಕ್ಷೆಯನ್ನು ದೊಡ್ಡದಾಗಿ ಮುದ್ರಿಸಿ, ಊರಿನ ಹಿರಿಯರೊಬ್ಬರ ಮುಂದೆ ಹರಡಿ, ಒಂದೊಂದು ನಂಬರಿಗೂ ಹೊಲದ ಹೆಸರು ಕೇಳಿ ಬರೆದುಕೊಳ್ಳಿ. 'ಹುಣಸೆಮರದ ಹೊಲ', 'ಗುಡಿ ಮುಂದಿನ ಗದ್ದೆ' ಎಂಬಂಥ ಹೆಸರುಗಳು ಯಾವ ಜಾಲತಾಣದಲ್ಲೂ ಇಲ್ಲ. ಬರೆದುಕೊಳ್ಳುವಾಗ ಹೇಳಿದವರ ವಯಸ್ಸನ್ನೂ ದಿನಾಂಕವನ್ನೂ ಅಂಚಿನಲ್ಲಿ ನಮೂದಿಸಿ.