ಬೀಸುವ ಕಲ್ಲಿಗೆ ಹೇಳಿಕೊಂಡ ದುಃಖ

ಉಗರಗೋಳದ ಯಲ್ಲಮ್ಮನ ಗುಡ್ಡದಲ್ಲಿ ಹೊಸ್ತಿಲ ಹುಣ್ಣಿಮೆಯಂದು ದೇವಿಗೆ ವೈಧವ್ಯ ಪ್ರಾಪ್ತವಾಗಿ, ಭಾರತ ಹುಣ್ಣಿಮೆಯಂದು ಆಕೆ ಮರಳಿ ಮುತ್ತೈದೆಯಾಗುವಳೆಂಬುದು ಭಕ್ತರ ನಂಬುಗೆ. ಪತಿ ಜಮದಗ್ನಿಯ ಕೋಪ, ರೇಣುಕೆಯೆಂದೂ ಕರೆಯಲಾಗುವ ಈ ದೇವಿಯ ಶಿರಚ್ಛೇದ, ಪುನರುಜ್ಜೀವನಗಳ ಕಥೆಯನ್ನು ಜೋಗತಿಯರು ಚೌಡಿಕೆಯ ನಾದದೊಡನೆ ಹಾಡುವಾಗ, ಕೇಳುವ ಹೆಣ್ಣು ತನ್ನ ಸಂಕಟವನ್ನೇ ಅದರಲ್ಲಿ ಕಂಡರೆ ಆಶ್ಚರ್ಯವಿಲ್ಲ. ಹಾಡು ಸಂತೈಸೀತೇ ಹೊರತು ನ್ಯಾಯ ಕೊಡದು. ಇದೇ ದೇವಿಯ ಹೆಸರಿನಲ್ಲಿ ಬಾಲೆಯರಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿಸುವ ಅನ್ಯಾಯವನ್ನು ತಡೆಯಲು 1982ರ ಕಾಯಿದೆಯೇ ಬೇಕಾಯಿತು.

ಗುಡ್ಡದ ಜಾತ್ರೆ ವರ್ಷದಲ್ಲಿ ಕೆಲವೇ ದಿನ, ದುಃಖವಾದರೋ ನಿತ್ಯದ್ದು. ಅದಕ್ಕೆ ಮನೆಯೊಳಗೇ ಬೀಸುವ ಕಲ್ಲಿತ್ತು. ಕೋಳಿ ಕೂಗುವ ಮುನ್ನವೇ ಎದ್ದು, ಒಂದೇ ಗೂಟಕ್ಕೆ ಇಬ್ಬರು ಕೈಯಿಟ್ಟು ಜೋಳ ಬೀಸುತ್ತ, ತವರಿನ ಹಂಬಲವನ್ನು, ಬಂಜೆಯೆನಿಸಿಕೊಂಡ ಅಳಲನ್ನು, ಅತ್ತೆಯೆದುರು ಆಡಲಾಗದ ಮಾತನ್ನು ಹೆಂಗಳೆಯರು ತ್ರಿಪದಿಯಲ್ಲಿ ಕಟ್ಟಿದರು. ಒಬ್ಬಳು ನುಡಿಯನ್ನೆತ್ತಿದರೆ ಇನ್ನೊಬ್ಬಳು ದನಿಗೂಡಿಸುವಳು. ಹೇಳುವವಳಿಗೆ ಕೇಳುವವಳು ಮೊಳದಂತರದಲ್ಲಿಯೇ ಇರುವಳು.

ಈ ಮೌಖಿಕ ಸಂಪತ್ತನ್ನು ವಿದ್ವಜ್ಜನರ ಕಣ್ಣಿಗೆ ತಂದವರು ವಿಜಯಪುರ ಸೀಮೆಯ ಹಲಸಂಗಿ ಗೆಳೆಯರು. ಇಂಗ್ಲಿಷ್ ಕಾವ್ಯದ ಪ್ರಭೆಯಲ್ಲಿ ಕನ್ನಡ ಕವಿಗಳು ಹೊಸ ಹಾದಿ ಅರಸುತ್ತಿದ್ದ ಆ ದಿನಗಳಲ್ಲಿ, ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪನವರಂಥ ತರುಣರು ಅಕ್ಷರವರಿಯದ ಅವ್ವ-ಅಕ್ಕಂದಿರ ಬಾಯಿಗೆ ಕಿವಿಗೊಟ್ಟರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಯಿತು. ಗ್ರಂಥಕ್ಕೆ ಕೀರ್ತಿ ಬಂದಿತು; ಪದ ಕಟ್ಟಿದವರಾದರೋ ‘ಗರತಿ’ ಎಂಬ ಒಂದೇ ಹೆಸರಿನ ಮರೆಯಲ್ಲಿ ಉಳಿದರು. ಆ ಪದಗಳು ಕಾವ್ಯವೆಂದು ಮಾನ್ಯವಾದವು. ಮನಸ್ಸಿನ ಔಷಧವೆಂದು ಅವನ್ನು ಪರೀಕ್ಷಿಸಿದವರು ವಿರಳ.

ಧಾರವಾಡದಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆ 1845ರಷ್ಟು ಹಿಂದೆಯೇ ಆರಂಭವಾಗಿತ್ತು. ಆದರೆ ತನ್ನ ನೋವನ್ನು ತಾನೇ ನುಡಿಗಿಳಿಸುವ ಕ್ರಮ ವಿಜ್ಞಾನಿಗಳ ಪರೀಕ್ಷೆಗೆ ಒಳಗಾದದ್ದು ಬಹಳ ತಡವಾಗಿ. 1986ರಲ್ಲಿ ಪ್ರಕಟವಾದ ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಅವರ ಪ್ರಯೋಗದಲ್ಲಿ, ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ಬದುಕಿನ ಆಘಾತಗಳನ್ನು ಕುರಿತು ಬರೆದರು. ಬರೆದೊಡನೆ ದುಃಖ ಹೆಚ್ಚಿದಂತೆ ತೋರಿದರೂ, ಘಟನೆಯೊಡನೆ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದದ್ದು ಕಡಿಮೆ. ನಮ್ಮ ಗರತಿಗೆ ಇದು ಹೊಸ ವಾರ್ತೆಯಾಗುತ್ತಿರಲಿಲ್ಲ.

ಈ ನಡುವೆ ಊರೂರಿಗೆ ಹಿಟ್ಟಿನ ಗಿರಣಿ ಬಂದಿತು. ಅದು ಹೆಣ್ಣಿನ ರಟ್ಟೆಯ ನೋವನ್ನು ಕಳೆದುದರಿಂದ ಅದನ್ನು ಹಳಿಯುವುದು ಕೃತಘ್ನತೆಯಾದೀತು. ಆದರೆ ಎದುರು ಕುಳಿತು ಆಲಿಸುವ ಸಂಗಾತಿಯೂ ಅದರೊಡನೆಯೇ ಎದ್ದುಹೋದಳು. ಜಾನಪದ ಸ್ಪರ್ಧೆಯಲ್ಲಿ ಅಜ್ಜಿಯ ಹಾಡನ್ನು ತಪ್ಪಿಲ್ಲದೆ ಒಪ್ಪಿಸಿದ ಮೊಮ್ಮಗಳಿಗೆ ಬಹುಮಾನವಿತ್ತು ಕೃತಾರ್ಥರಾಗುವ ನಾವು, ನಿನ್ನ ದುಃಖಕ್ಕೆ ನೀನೇ ಒಂದು ಪದ ಕಟ್ಟು, ಕೇಳಲು ನಾವಿದ್ದೇವೆ ಎಂದು ಹೇಳುವುದನ್ನು ಮಾತ್ರ ಮರೆತಿದ್ದೇವೆ.